ನ್ಯಾಸವನ್ನು ಕಾಯ್ದ ರಾಜಪುತ್ರ: ಲಾಟೇಶ್ವರ ಕರ್ಕರಾಜ ಸುವರ್ಣವರ್ಷ

ಶ್ರಾವಕನ ಎರಡನೆಯ ಅಣುವ್ರತವಾದ ಸತ್ಯಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಎಣಿಸುತ್ತದೆ. ಅವುಗಳಲ್ಲಿ ನಾಲ್ಕನೆಯದು ನ್ಯಾಸಾಪಹಾರ. ನಂಬಿ ಇಟ್ಟ ಒಡವೆಯನ್ನು ನುಂಗಿಹಾಕುವುದೆಂದು ಇದನ್ನು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಅದಕ್ಕಿಂತ ಸೂಕ್ಷ್ಮವಾದುದು. ಒಡವೆಯನ್ನಿಟ್ಟವನು ತಾನೆಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಮೆ ಕೇಳಿದಾಗ, ಇರಿಸಿಕೊಂಡವನು ಹಾಗೆಯೇ ಆಗಲೆಂದು ಒಪ್ಪಿ ಅಷ್ಟನ್ನೇ ಕೊಟ್ಟು ಕಳುಹಿಸಿದರೂ ಅದು ನ್ಯಾಸಾಪಹಾರವೇ. ಅವನು ಕದ್ದದ್ದಿಲ್ಲ, ಸುಳ್ಳು ಲೆಕ್ಕ ಬರೆದದ್ದೂ ಇಲ್ಲ. ಎದುರಿನವನ ಮರೆವಿನಿಂದ ಲಾಭ ಪಡೆದನು, ಅಷ್ಟೆ. ಆದರೂ ವ್ರತಕ್ಕೆ ಕಳಂಕ ತಗುಲಿತು.

ತಂದೆಯಿಲ್ಲದ ಮಗುವಿನ ಹೊಲವನ್ನು ನೋಡಿಕೊಳ್ಳುವ ದಾಯಾದಿಗಳು ನಮ್ಮ ಊರುಗಳಲ್ಲಿ ಎಂದೂ ಇದ್ದಾರೆ. ಮಗುವಿಗೆ ತನ್ನ ಹೊಲದ ಬಾಂದುಕಲ್ಲು ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ನೋಡಿಕೊಳ್ಳುವವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಹೊಲದ ಸ್ಥಾನದಲ್ಲಿ ಒಂದು ಸಾಮ್ರಾಜ್ಯವನ್ನೇ ಇಟ್ಟು, ಅದರ ಸುತ್ತ ದಂಗೆ ಎದ್ದಿರುವ ಕಾಲವನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಅಂತಹ ನ್ಯಾಸವನ್ನು ಕಾಯ್ದು ಹಿಂದಿರುಗಿಸಿದವನು ರಾಷ್ಟ್ರಕೂಟ ಕುಲದ ರಾಜಪುತ್ರ ಕರ್ಕ. ಅವನಿಗೆ ಸುವರ್ಣವರ್ಷನೆಂಬ ಬಿರುದಿತ್ತು. ಅವನು ಕಾಯ್ದ ಬಾಲಕನ ಹೆಸರನ್ನು ಬಲ್ಲವರು ಬಹುಮಂದಿ. ಕಾಯ್ದವನ ಹೆಸರನ್ನು ಬಲ್ಲವರು ಅಷ್ಟಿಲ್ಲ. ಆ ಬಾಲಕನೇ ಅಮೋಘವರ್ಷ ನೃಪತುಂಗ.

ಕರ್ಕನು ಹುಟ್ಟಿದ ಮನೆಯ ರೀತಿಯನ್ನು ಮೊದಲು ಅರಿಯಬೇಕು. ಒಂದನೆಯ ಕೃಷ್ಣನಿಗೆ ಗೋವಿಂದ, ಧ್ರುವ ಎಂಬ ಮಕ್ಕಳಿದ್ದರು. ಹಿರಿಯನಾದ ಇಮ್ಮಡಿ ಗೋವಿಂದನು ಪಟ್ಟವೇರಿದನು. ಸುಮಾರು 780ರಲ್ಲಿ ತಮ್ಮ ಧ್ರುವನು ಯುದ್ಧಮಾಡಿ ಅದನ್ನು ಕಿತ್ತುಕೊಂಡನು. ಧ್ರುವನಿಗೆ ಹಲವು ಮಕ್ಕಳು. ಅವರಲ್ಲಿ ಮುಮ್ಮಡಿ ಗೋವಿಂದನೇ ಯೋಗ್ಯನೆಂದು ಅವನಿಗೆ ಪಟ್ಟವನ್ನು ನಿಶ್ಚಯಿಸಿದನು. ಅಣ್ಣನಾದ ಸ್ತಂಭನು ಇದನ್ನು ಸಹಿಸಲಿಲ್ಲ. ಹನ್ನೆರಡು ಮಂದಿ ಅರಸರನ್ನು ಕೂಡಿಕೊಂಡು ತಮ್ಮನ ಮೇಲೆ ಎದ್ದನು, ಸೋತನು, ಕ್ಷಮೆ ಪಡೆದು ಮತ್ತೆ ಗಂಗವಾಡಿಯ ಆಡಳಿತಕ್ಕೆ ಹಿಂದಿರುಗಿದನು. ಹೀಗೆ ಎರಡು ತಲೆಮಾರಿನಲ್ಲಿ ಒಡಹುಟ್ಟಿದವರೇ ಎರಡು ಸಲ ಸಿಂಹಾಸನಕ್ಕೆ ಕೈಯಿಕ್ಕಿದ ಮನೆ ಅದು.

ಈ ಸ್ತಂಭನನ್ನೇ ನಮ್ಮ ಕಡೆಯ ಶಾಸನಗಳು ಕಂಬನೆಂದು ಕರೆಯುತ್ತವೆ. ನಮ್ಮ ದೊಡ್ಡನೆಕ್ಕುಂದಿಯ ಕೆರೆಯ ಸುತ್ತಣ ನೆಲವೆಲ್ಲ ಅಂದು ಗಂಗವಾಡಿಗೆ ಸೇರಿದ್ದುದು. ಗಂಗ ದೊರೆ ಶಿವಮಾರನು ರಾಷ್ಟ್ರಕೂಟರ ಸೆರೆಯಲ್ಲಿದ್ದ ಕಾಲದಲ್ಲಿ ಅವನ ಮಗ ಯುವರಾಜ ಮಾರಸಿಂಹನು ನಾಡನ್ನು ನೋಡಿಕೊಂಡನು. ಸೇನಾಪತಿ ಶ್ರೀವಿಜಯನು ನೆಲಮಂಗಲ ತಾಲ್ಲೂಕಿನ ಮಣ್ಣೆಯಲ್ಲಿ ಕಟ್ಟಿಸಿದ ಬಸದಿಗೆ 797ರಲ್ಲಿ ದತ್ತಿ ನಡೆದುದು ಈ ಯುವರಾಜನ ಆಳಿಕೆಯಲ್ಲಿ. ಐದು ವರ್ಷಗಳ ಅನಂತರ, 802ರಲ್ಲಿ, ಅದೇ ಮಣ್ಣೆಯ ಬಸದಿಗೆ ರಾಷ್ಟ್ರಕೂಟ ಕಂಬನು ದತ್ತಿಯನ್ನಿತ್ತನು. ರಣರಂಗದಲ್ಲಿ ವೈರಿಗಳಾದ ಎರಡು ಮನೆಗಳು ಜಿನಾಲಯದ ಬಾಗಿಲಲ್ಲಿ ಒಂದೇ ಬಗೆಯಾಗಿ ತಲೆ ಬಾಗಿದವು. ಮುಂದಿನ ಕಥೆಯಲ್ಲಿ ಗಂಗರು ಕರ್ಕನ ಎದುರುಪಕ್ಷದಲ್ಲಿ ನಿಲ್ಲುತ್ತಾರೆ. ಅಂದರೆ ನಮ್ಮ ಸೀಮೆಯವರಿಗೆ ಕರ್ಕನು ಅಂದು ಶತ್ರುವೇ ಸರಿ. ಆದರೂ ಅವನ ಗುಣವನ್ನು ಹೇಳುವುದಕ್ಕೆ ಅದು ಅಡ್ಡಿಯಾಗಬೇಕಿಲ್ಲ.

ಮುಮ್ಮಡಿ ಗೋವಿಂದನ ತಮ್ಮಂದಿರಲ್ಲಿ ಇಂದ್ರನೊಬ್ಬನು ಅಣ್ಣನ ಪಕ್ಷವನ್ನು ಬಿಡದೆ ನಿಂತನು. ಅದಕ್ಕೆ ಪ್ರತಿಯಾಗಿ ಗೋವಿಂದನು ಲಾಟಮಂಡಲವನ್ನು ಅವನಿಗೆ ಕೊಟ್ಟನು. ಇಂದಿನ ಭರೂಚ, ಸೂರತ್, ನವಸಾರಿಗಳಿರುವ ದಕ್ಷಿಣ ಗುಜರಾತೇ ಲಾಟ. ಇಂದ್ರನ ಹಿರಿಯ ಮಗ ಕರ್ಕ, ಕಿರಿಯವನು ಗೋವಿಂದ. ಕರ್ಕನು ಲಾಟೇಶ್ವರನಾದ ಮೇಲೆ 812ರಲ್ಲಿ ಹೊರಡಿಸಿದ ತಾಮ್ರಪಟವೊಂದು ಬರೋಡೆಯಲ್ಲಿ ದೊರೆತಿದೆ. ಭಾನು ಎಂಬ ಬ್ರಾಹ್ಮಣನಿಗೆ ವಟಪದ್ರಕವೆಂಬ ಗ್ರಾಮವನ್ನು ದಾನಮಾಡಿದ ವಿಷಯ ಅದರಲ್ಲಿದೆ. ಆ ಪುಟ್ಟ ವಟಪದ್ರಕವೇ ಬೆಳೆದು ಇಂದಿನ ವಡೋದರಾ ಮಹಾನಗರವಾಗಿದೆ. ಗೌಡ, ವಂಗ ದೇಶಗಳನ್ನು ಗೆದ್ದು ಬೀಗುತ್ತಿದ್ದ ಗೂರ್ಜರ ರಾಜನು ಮಾಳವದ ಮೇಲೆ ಬೀಳದಂತೆ ಗೋವಿಂದ ಚಕ್ರವರ್ತಿಯು ಕರ್ಕನ ತೋಳನ್ನೇ ಬಾಗಿಲ ಅಗುಳಿಯಾಗಿ ಮಾಡಿಕೊಂಡನೆಂದು ಅದೇ ಪಟವು ಬಣ್ಣಿಸುತ್ತದೆ. ಶಾಸನಕವಿಗಳ ಉತ್ಪ್ರೇಕ್ಷೆಯನ್ನು ಕಳೆದರೂ ಉಳಿಯುವ ಸಂಗತಿ ಸ್ಪಷ್ಟವಾಗಿದೆ. ಸಾಮ್ರಾಜ್ಯದ ಉತ್ತರದ ಹೆಬ್ಬಾಗಿಲು ಈ ರಾಜಪುತ್ರನ ಕಾವಲಿನಲ್ಲಿತ್ತು.

814ರಲ್ಲಿ ಮುಮ್ಮಡಿ ಗೋವಿಂದನು ತೀರಿಕೊಂಡನು. ಅವನ ಮಗ ಅಮೋಘವರ್ಷನು ಗುಜರಾತಿನ ಶ್ರೀಭವನದ ಬೀಡಿನಲ್ಲಿ, ತಂದೆಯು ದಂಡಯಾತ್ರೆಯಲ್ಲಿದ್ದಾಗ ಹುಟ್ಟಿದವನು. ಪಟ್ಟವಾದಾಗ ಅವನಿಗೆ ಹದಿಮೂರು ಹದಿನಾಲ್ಕು ವರ್ಷವೆಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ವಿಂಧ್ಯದ ಆಚೆಗೂ ದಂಡೆತ್ತಿ ಹೋಗಿದ್ದ, ಗಂಗ, ಪಲ್ಲವ, ವೇಂಗಿಯ ಚಾಳುಕ್ಯರನ್ನೆಲ್ಲ ಅಡಗಿಸಿದ್ದ ತಂದೆಯ ರಾಜ್ಯ ಆ ಹುಡುಗನ ತಲೆಯ ಮೇಲೆ ಬಿದ್ದಿತು. ದಾಯಾದಿಯೂ ವಯಸ್ಸಿನಲ್ಲಿ ಹಿರಿಯನೂ ಸೇನಾನಿಯೂ ಆದ ಕರ್ಕನು ಬಾಲರಾಜನ ಪರವಾಗಿ ರಾಜ್ಯಭಾರದ ರಕ್ಷಣೆಯನ್ನು ವಹಿಸಿಕೊಂಡನೆಂಬುದು ಡಾ. ಅ. ಸ. ಆಳ್ತೇಕರರಂತಹ ವಿದ್ವಾಂಸರ ನಿರ್ಣಯ. ಇತ್ತ ಲಾಟದ ಕಾರ್ಯಭಾರವನ್ನು ಅವನ ತಮ್ಮ ಗೋವಿಂದನು ನೋಡಿಕೊಂಡನು.

ಮೊದಲ ಎರಡು ವರ್ಷ ಶಾಂತವಾಗಿಯೇ ಕಳೆದಂತಿದೆ. 816ರ ನವಸಾರಿ ತಾಮ್ರಪಟದಲ್ಲಿ ಕಲಹದ ಸುಳಿವಿಲ್ಲ. ಆಮೇಲೆ ಬಿರುಗಾಳಿ ಎದ್ದಿತು. ಹುಡುಗನು ಪಟ್ಟದಲ್ಲಿ ಕುಳಿತಿದ್ದಾನೆಂಬುದೇ ಸಾಕಾಗಿತ್ತು. ಸಾಮಂತರು ಕಪ್ಪವನ್ನು ನಿಲ್ಲಿಸಿದರು, ಮಂತ್ರಿಗಳು ಪಕ್ಷ ಬದಲಿಸಿದರು, ರಕ್ತಸಂಬಂಧಿಗಳೇ ಎದುರಾದರು. ವೇಂಗಿಯ ಇಮ್ಮಡಿ ವಿಜಯಾದಿತ್ಯನು ರಾಷ್ಟ್ರಕೂಟರೊಡನೆಯೂ ಗಂಗರೊಡನೆಯೂ ಹನ್ನೆರಡು ವರ್ಷಗಳಲ್ಲಿ ನೂರೆಂಟು ಕಾಳಗಗಳನ್ನು ಮಾಡಿದನೆಂದು ಅವನ ವಂಶದ ಶಾಸನಗಳು ಹೇಳಿಕೊಳ್ಳುತ್ತವೆ. ಗಂಗವಾಡಿಯಲ್ಲಿ ಒಂದನೆಯ ರಾಚಮಲ್ಲನು ರಾಷ್ಟ್ರಕೂಟರ ಕೈಯಲ್ಲಿದ್ದ ನೆಲವನ್ನು ಬಿಡಿಸಿಕೊಂಡನು. ಕಲಿಯು ಪ್ರವೇಶಿಸಿದಂತೆ ಆಯಿತೆಂದೂ ರಟ್ಟರ ಸೂರ್ಯನು ಮುಳುಗಿ ಮತ್ತೆ ಮೂಡಿದನೆಂದೂ ಅಮೋಘವರ್ಷನ ಕಡೆಯವರೇ ಮುಂದೆ ನೆನೆಯುತ್ತಾರೆ. ಸೂರ್ಯನು ಮುಳುಗಿದನೆಂದ ಮೇಲೆ ಬಾಲರಾಜನು ಕೆಲಕಾಲ ಸಿಂಹಾಸನವನ್ನೇ ಕಳೆದುಕೊಂಡನೆಂದು ತಿಳಿಯಬೇಕಾಗುತ್ತದೆ.

ಆ ಕತ್ತಲೆಯಲ್ಲಿಯೂ ನಮ್ಮ ಆಚಾರ್ಯರ ದೀಪ ಆರಲಿಲ್ಲವೆಂಬುದನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾರೆ. ಷಟ್ಖಂಡಾಗಮದ ಮೇಲಣ ಧವಳಾ ಟೀಕೆಯನ್ನು ವೀರಸೇನಸ್ವಾಮಿಗಳು ಮುಗಿಸಿದ ವರ್ಷ, ಡಾ. ಹೀರಾಲಾಲ ಜೈನರ ಗಣನೆಯಂತೆ, ಇದೇ 816.

ಕರ್ಕನ ಪರೀಕ್ಷೆಯ ಕಾಲ ಈಗ ಬಂದಿತು. ಸಿಂಹಾಸನ ಬರಿದಾಗಿದೆ. ವಾರಸುದಾರನು ಬಾಲಕ, ಪದಭ್ರಷ್ಟ. ಸೈನ್ಯವು ಕರ್ಕನ ಮಾತನ್ನು ಕೇಳುತ್ತದೆ. ಅವನೂ ಧ್ರುವನ ಮೊಮ್ಮಗನೇ, ಅಮೋಘವರ್ಷನಷ್ಟೇ ಹತ್ತಿರದ ರಕ್ತ. ದಂಗೆಕೋರರನ್ನು ಮಣಿಸಿದ ಮೇಲೆ ಕಿರೀಟವನ್ನು ತಾನೇ ಧರಿಸಿದ್ದರೆ ಯಾರು ಕೇಳುತ್ತಿದ್ದರು? ಅಜ್ಜ ಧ್ರುವನು ಅಣ್ಣನಿಗೆ ಮಾಡಿದುದಕ್ಕಿಂತ ಅದು ಹೆಚ್ಚೇನೂ ಆಗುತ್ತಿರಲಿಲ್ಲ. ಅಷ್ಟು ಬೇಡ, ಅರ್ಧವನ್ನು ಹುಡುಗನಿಗೆ ಬಿಟ್ಟು ನರ್ಮದೆಯ ಸೀಮೆಯನ್ನೆಲ್ಲ ಸ್ವತಂತ್ರವಾಗಿ ಇಟ್ಟುಕೊಂಡಿದ್ದರೂ ಉಳಿದದ್ದೇ ಭಾಗ್ಯವೆಂದು ಹುಡುಗನು ಒಪ್ಪುತ್ತಿದ್ದನು. ಪೂಜ್ಯಪಾದರು ಹೇಳಿದ ನ್ಯಾಸಾಪಹಾರವೆಂದರೆ ಇದೇ ತಾನೆ?

821ರ ತಾಮ್ರಪಟವೊಂದು ಸೂರತ್ತಿನಲ್ಲಿ ದೊರೆತಿದೆ. ಮದಿಸಿದ ಸಾಮಂತರನ್ನು ಕರ್ಕನು ತನ್ನ ಬಾಹುಬಲದಿಂದ ಗೆದ್ದು ಅಮೋಘವರ್ಷನನ್ನು ಮತ್ತೆ ಅವನ ಸ್ಥಾನದಲ್ಲಿ ನಿಲ್ಲಿಸಿದ ಸಂಗತಿ ಅದರಲ್ಲಿ ಮೊದಲ ಬಾರಿಗೆ ಕಾಣಿಸುತ್ತದೆ. 816ರ ಪಟದಲ್ಲಿ ಇಲ್ಲದುದು 821ರ ಪಟದಲ್ಲಿ ಇರುವುದರಿಂದ, ದಂಗೆ ಎದ್ದುದೂ ಅಡಗಿದುದೂ ಈ ಐದು ವರ್ಷಗಳ ಒಳಗೇ ಎಂದು ನಿಶ್ಚಯಿಸಬಹುದು. ಸಂಜಾನದ ತಾಮ್ರಪಟವು ಪಾತಾಳಮಲ್ಲನೆಂಬ ವೀರನಿಂದ ರಾಜ್ಯವು ಉದ್ಧಾರವಾಯಿತೆಂದು ಹೇಳುತ್ತದೆ. ಆ ಬಿರುದು ಕರ್ಕನದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಯುದ್ಧ ಮುಗಿದ ಮೇಲೆ ಅವನು ಲಾಟಕ್ಕೆ ಹಿಂದಿರುಗಿದನು. 812ರಲ್ಲಿ ಯಾವ ಸಾಮಂತನ ಸ್ಥಾನದಲ್ಲಿದ್ದನೋ 821ರಲ್ಲಿಯೂ ಅದೇ ಸ್ಥಾನ. ನಡುವಣ ಅವಧಿಯಲ್ಲಿ ಚಕ್ರವರ್ತಿಯ ಪಟ್ಟವು ಅವನ ಅಂಗೈಯ ಮೇಲಿದ್ದು ಹೋದುದಕ್ಕೆ ಒಂದು ಬಿರುದೂ ಹೆಚ್ಚಲಿಲ್ಲ.

ಈ ಸೂರತ್ತಿನ ಪಟವು ನಮ್ಮ ಸಮಾಜಕ್ಕೆ ಇನ್ನೊಂದು ಕಾರಣದಿಂದ ಅಮೂಲ್ಯವಾದುದು. ಅದು ಜೈನದತ್ತಿಯ ಪಟ. ನಾಗಸಾರಿಕೆ, ಅಂದರೆ ನವಸಾರಿಯ ಜಿನಾಲಯಕ್ಕೆ ಕರ್ಕನು ಒಂದು ಹೊಲವನ್ನು ಬಿಟ್ಟು, ಮೂಲಸಂಘದ ಸೇನಸಂಘಕ್ಕೆ ಸೇರಿದ ಸುಮತಿಗಳ ಶಿಷ್ಯರಾದ ಅಪರಾಜಿತ ಗುರುಗಳ ವಶಕ್ಕೆ ಒಪ್ಪಿಸಿದನು. ಗಂಡಾಂತರದಿಂದ ಪಾರಾದ ಮೇಲೆ ಕರ್ಕನು ಮಾಡಿದ ಮೊದಲ ದಾನಗಳಲ್ಲಿ ಇದು ಒಂದು. ಅದರಿಂದ ಅವನನ್ನು ವ್ರತಧಾರಿ ಶ್ರಾವಕನೆಂದು ಕರೆಯುವ ಆತುರ ಬೇಡ. ಬ್ರಾಹ್ಮಣರಿಗೂ ಅವನು ದಾನಮಾಡಿದವನೇ. ನಮ್ಮವರಲ್ಲಿ ದಾನಕೊಟ್ಟ ಅರಸರನ್ನೆಲ್ಲ ಅಣುವ್ರತಿಗಳೆಂದು ಬರೆದುಬಿಡುವ ಅಭ್ಯಾಸವುಂಟು, ಅದು ನನಗೆ ಸರಿಕಾಣುವುದಿಲ್ಲ. ವ್ರತವನ್ನು ಕೈಕೊಂಡವನು ಎಡವುವುದನ್ನೂ, ಕೈಕೊಳ್ಳದವನು ಅದರ ಅರ್ಥದಂತೆ ನಡೆಯುವುದನ್ನೂ ಲೋಕದಲ್ಲಿ ಕಾಣುತ್ತೇವೆ.

ಕರ್ಕನಿಲ್ಲದಾಗ ಲಾಟವನ್ನು ನೋಡಿಕೊಂಡ ತಮ್ಮ ಗೋವಿಂದನೂ ಅಣ್ಣನಿಗೆ ತಕ್ಕವನೇ. 827ರ ಕಾವಿ ತಾಮ್ರಪಟವು ಅವನ ಹೆಸರಿನಲ್ಲಿದ್ದರೂ ಅದರಲ್ಲಿ ಅಣ್ಣನ ಗುಣಗಾನವಿದೆ. ಸುಮಾರು 830ರಲ್ಲಿ ಕರ್ಕನು ಕಾಲವಶನಾದನು. ಲಾಟದ ಪಟ್ಟವು ಕರ್ಕನ ಮಗ ಧ್ರುವನಿಗೆ ಸಂದಿತು. ಅಣ್ಣನು ಮಾನ್ಯಖೇಟದಲ್ಲಿ ದಾಯಾದಿಯ ಮಗುವಿಗೆ ಕಾಯ್ದಂತೆ, ಲಾಟದ ಪಟ್ಟವೂ ಅಣ್ಣನ ಮಗನಿಗೇ ಉಳಿಯಿತು.

ಉಳಿಸಿಕೊಂಡ ಪಟ್ಟದಲ್ಲಿ ಅಮೋಘವರ್ಷನು ಸುಮಾರು 878ರ ವರೆಗೆ, ಅರವತ್ತು ವರ್ಷಕ್ಕೂ ಮಿಕ್ಕು ಆಳಿದನು. 837ರಲ್ಲಿ ಜಿನಸೇನಾಚಾರ್ಯರು ಜಯಧವಳೆಯನ್ನು ಪೂರ್ಣಗೊಳಿಸಿದುದು, ಮಹಾಪುರಾಣವನ್ನು ಆರಂಭಿಸಿದುದು, ಮಹಾವೀರಾಚಾರ್ಯರ ಗಣಿತಸಾರಸಂಗ್ರಹ, ಕನ್ನಡಕ್ಕೆ ಕವಿರಾಜಮಾರ್ಗ ಎಲ್ಲವೂ ಈ ಅವಧಿಯ ಫಲ. ಜಿನಸೇನರ ಪಾದಕ್ಕೆರಗಿ ತಾನು ಪವಿತ್ರನಾದೆನೆಂದು ದೊರೆಯು ಭಾವಿಸುತ್ತಿದ್ದನೆಂದು ಗುಣಭದ್ರಾಚಾರ್ಯರು ಉತ್ತರಪುರಾಣದಲ್ಲಿ ದಾಖಲಿಸಿದ್ದಾರೆ. ಪ್ರಜೆಗಳಿಗೆ ಬಂದ ಉಪದ್ರವವನ್ನು ನೀಗಲೆಂದು ಅವನು ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನದ ಪಟದಲ್ಲಿದೆ. ದೇಹವನ್ನು ಹಾಗೆ ಹಿಂಸಿಸುವುದು ನಮ್ಮ ಆಗಮಸಮ್ಮತವಾದ ತಪಸ್ಸಲ್ಲ. ಆದರೂ ಪ್ರಜೆಗಳ ಮೇಲಿನ ಪ್ರೀತಿಯನ್ನು ಅಲ್ಲಗಳೆಯಲಾಗದು. ಅದೇ ಪಟದಲ್ಲಿ ಒಂದು ತೀಕ್ಷ್ಣವಾದ ಹೋಲಿಕೆಯಿದೆ. ದಾನಿಯೆಂದು ಹೆಸರಾದ ಗುಪ್ತವಂಶದ ರಾಜನೊಬ್ಬನು ಅಣ್ಣನನ್ನು ಕೊಂದು ಅವನ ರಾಜ್ಯವನ್ನೂ ರಾಣಿಯನ್ನೂ ಕೊಂಡನು. ಅಮೋಘವರ್ಷನಾದರೋ ತನ್ನ ರಾಜ್ಯವನ್ನೇ ಒಂದಕ್ಕಿಂತ ಹೆಚ್ಚು ಸಲ ಬಿಟ್ಟುಕೊಟ್ಟನು. ವಿವೇಕದಿಂದ ರಾಜ್ಯವನ್ನು ತ್ಯಜಿಸಿದವನ ಕೃತಿಯೆಂದು ಪ್ರಶ್ನೋತ್ತರರತ್ನಮಾಲಿಕೆಯ ಕೊನೆಯಲ್ಲಿಯೂ ಇದೆ. ರಾಜ್ಯವನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಡುವುದನ್ನು ಅವನು ಬಾಲ್ಯದಲ್ಲಿ ಯಾರಿಂದ ಕಂಡಿದ್ದನೆಂದು ಬೇರೆ ಹೇಳಬೇಕಾಗಿಲ್ಲ.

ಕಥೆಯ ಮಿಕ್ಕ ಭಾಗ ಅಷ್ಟು ಹಿತವಾದುದಲ್ಲ. 835ರಲ್ಲಿ ಕರ್ಕನ ಮಗ ಧ್ರುವನು ಹೊರಡಿಸಿದ ಬರೋಡೆಯ ಪಟವು ತಂದೆಯು ಅಮೋಘವರ್ಷನನ್ನು ಪಟ್ಟದಲ್ಲಿ ಮರಳಿ ಕೂರಿಸಿದುದನ್ನು ಹೆಮ್ಮೆಯಿಂದ ಹೇಳುತ್ತದೆ. ಮುಂದೆ ಆ ಧ್ರುವನಿಗೂ ಅದೇ ಅಮೋಘವರ್ಷನಿಗೂ ಕದನ ಹತ್ತಿತು. ವಲ್ಲಭನ, ಅಂದರೆ ಮಾನ್ಯಖೇಟದ ಸೈನ್ಯದೊಡನೆ ಕಾದಿ ಮೈತುಂಬ ಗಾಯಗೊಂಡು ಧ್ರುವನು ಮಡಿದನು. ಅವನ ಮಗ ಅಕಾಲವರ್ಷನು ವೈರಿಗಳು ಆಕ್ರಮಿಸಿದ್ದ ನಾಡನ್ನು ಮರಳಿ ಪಡೆಯಬೇಕಾಯಿತು. ಇದನ್ನು ನಮಗೆ ತಿಳಿಸುವ 867ರ ಬಗುಮ್ರಾ ತಾಮ್ರಪಟವನ್ನು ಬರೆಯಿಸಿದವನು ಅಕಾಲವರ್ಷನ ಮಗ ಇಮ್ಮಡಿ ಧ್ರುವ, ಕರ್ಕನ ಮರಿಮಗ. 888ರ ಇನ್ನೊಂದು ಪಟದೊಡನೆ ಲಾಟಶಾಖೆಯ ಶಾಸನಗಳು ನಿಲ್ಲುತ್ತವೆ. ಆ ಸೀಮೆಯು ಮಾನ್ಯಖೇಟದ ನೇರ ಆಳ್ವಿಕೆಗೆ ಸೇರಿತು.