ಕ್ನೂಟ್ ರಾಕ್ನಿ: ಉಳಿಯಲು ನಿರ್ಧರಿಸಿದ ಗುರು

ಕ್ನೂಟ್ ರಾಕ್ನಿಯವರು 1888ರಲ್ಲಿ ನಾರ್ವೆ ದೇಶದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಅಮೆರಿಕದ ಚಿಕಾಗೋ ನಗರಕ್ಕೆ ಬಂದು, ಮುಂದೆ ಅಂಚೆ ಕಚೇರಿಯಲ್ಲಿ ದುಡಿದು ಹಣ ಕೂಡಿಸಿ, 22ನೆಯ ವಯಸ್ಸಿನಲ್ಲಿ ನೋಟರ್ ಡೇಮ್ ಎಂಬ ಕಥೋಲಿಕ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿಯೇ ರಸಾಯನಶಾಸ್ತ್ರ ಬೋಧಿಸಿ, 1918ರಲ್ಲಿ ಫುಟ್‌ಬಾಲ್ ತಂಡದ ಮುಖ್ಯ ತರಬೇತುದಾರರಾದರು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟವದು. ಪ್ರಾಟೆಸ್ಟಂಟ್ ಮನೆತನದ ರಾಕ್ನಿಯವರು 1925ರ ನವೆಂಬರ್ 20ರಂದು ಕಥೋಲಿಕ ಧರ್ಮಸಭೆಯನ್ನು ಸೇರಿದರು.

ಮರುತಿಂಗಳೇ ಅಭಿಮಾನಿಗಳು ಕಳವಳಗೊಂಡರು. ರಾಕ್ನಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗುವರೆಂದು ಪತ್ರಿಕೆಗಳು ಸಾರಿದವು. ಅವರು ಕರಾರಿಗೆ ಸಹಿ ಹಾಕಿದ್ದೂ ನಿಜ. ಸುದ್ದಿ ಬಯಲಾದ ಮೇಲೆ ಹಿಂದೆ ಸರಿದು, ನೋಟರ್ ಡೇಮ್‌ನಲ್ಲಿಯೇ ಉಳಿದರು.

ಸೆಳೆತವೇ ಇಲ್ಲದವರನ್ನು ಮಾತ್ರ ನಾವು ನಿಷ್ಠಾವಂತರೆನ್ನುತ್ತೇವೆ. ಆದರೆ ಸೆಳೆತವು ಮನಸ್ಸಿಗೆ ತಾನಾಗಿ ಬರುತ್ತದೆ. ಉಳಿಯುವುದನ್ನು ಮನುಷ್ಯನ ಸಂಕಲ್ಪವೇ ಆರಿಸಬೇಕು. ಹಾಗೆ ಆರಿಸಿದವನ ನಿಷ್ಠೆ ಕಡಿಮೆಯದೆನ್ನಲಾಗದು. 1929 ಮತ್ತು 1930ರಲ್ಲಿ ಅವರ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಒಟ್ಟು 13 ವರ್ಷಗಳಲ್ಲಿ 105 ಗೆಲುವು, ಕೇವಲ 12 ಸೋಲು. 1931ರ ಮಾರ್ಚ್ 31ರಂದು ಕ್ಯಾನ್ಸಸ್ ರಾಜ್ಯದಲ್ಲಿ ವಿಮಾನ ದುರಂತಕ್ಕೀಡಾದಾಗ ಅವರಿಗೆ 43 ವರ್ಷ. ವಿಶ್ವವಿದ್ಯಾಲಯದ ಪವಿತ್ರ ಹೃದಯ ದೇವಾಲಯದಲ್ಲಿಯೇ ಅವರ ಅಂತ್ಯಸಂಸ್ಕಾರದ ಪೂಜೆ ನೆರವೇರಿತು.

ಒಳ್ಳೆಯ ಮಾಸ್ತರರು ಊರು ಬಿಡುವರಂತೆ ಎಂಬ ಮಾತು ನಮ್ಮ ಶಿರವಾಳದ ಕಟ್ಟೆಯಲ್ಲಿ ಹುಟ್ಟಿದರೆ ಸಂಜೆಯೊಳಗೆ ಶಹಾಪುರವನ್ನು ಮುಟ್ಟುತ್ತದೆ. ಹೋಗುವರೋ ಇರುವರೋ ಎಂದು ಊಹಿಸುವ ಮೊದಲು, ಅಂತಹವರು ಉಳಿಯಲು ಬೇಕಾದ ಆಸರೆಯನ್ನು ಕೊಟ್ಟಿದ್ದೇವೆಯೇ ಎಂದು ನಮ್ಮನ್ನೇ ಕೇಳಿಕೊಳ್ಳೋಣ.