ಡನ್ಲಪ್ ಅಜ್ಜನ ಗಾಲಿ, ನಮ್ಮ ಒಂದೇ ಜೋಡಿ

ಈ ಸಂಚಿಕೆಗೆ ಯಾರಾದರೂ ಒಬ್ಬ ದೊಡ್ಡ ವ್ಯಕ್ತಿಯ ಜೀವನ ಬರೀರಿ ಅಂತ ಕ್ಲಬ್ಬಿನವರು ಹೇಳಿದಾಗ ನಾವು ಸೈಕಲ್ ಗಾಲಿ ಹುಡುಕೋ ಗಡಿಬಿಡಿಯಲ್ಲಿದ್ವಿ. ನಾವು ಅಂದ್ರ ಗುಡಗೇರಿಯ ಇಬ್ಬರು, ಸೆಕೆಂಡ್ ಇಯರ್ ಮೆಕ್ಯಾನಿಕಲ್. ಇಬ್ಬರಿಗೂ ಸೇರಿ ಒಂದೇ ರೋಡ್ ಸೈಕಲ್. ಅದರ ಹಿಂದಿನ ಗಾಲಿಯ ರಿಮ್ ಸೀಳಿತ್ತು, ಮುಂದಿನದು ಎಷ್ಟು ಸಲ ಬೆಂಡ್ ತೆಗೆಸಿದರೂ ಮತ್ತೆ ಬೆಂಡ್.

ಗುಡಗೇರಿ ಕುಂದಗೋಳ ತಾಲೂಕಿನ ಊರು, ಹುಬ್ಬಳ್ಳಿ–ಹಾವೇರಿ ರೈಲು ದಾರಿಯ ಮೇಲಿದೆ. ಸುತ್ತ ಎರಿ ಹೊಲ. ಮಳೆಯಾದ್ರ ಮಣ್ಣು ಗಾಲಿಗೆ ಅಂಟಿ ಬ್ರೇಕಿನ ತನಕ ತುಂಬ್ತದ. ಬ್ಯಾಸಿಗ್ಯಾಗ ಅದೇ ಮಣ್ಣು ಕಲ್ಲಾಗ್ತದ. ರಜೆಯಲ್ಲಿ ಪ್ರ್ಯಾಕ್ಟೀಸ್ ಮಾಡೋದು ಈ ರಸ್ತೆಗಳಲ್ಲಿ, ರೇಸ್ ಇರೋದು ನುಣುಪಾದ ಹೈವೇ ಮೇಲೆ. ಎರಡಕ್ಕೂ ಬೇರೆ ಬೇರೆ ಗಾಲಿ ತಗೊಳ್ಳೋ ರೊಕ್ಕ ನಮ್ಮ ಹತ್ರ ಇಲ್ಲ. ಮನೆಯವರು ಮೆಣಸಿನಕಾಯಿ ಮಾರಿ ಕೊಟ್ಟ ರೊಕ್ಕಕ್ಕೆ ನಮ್ಮ ಉಳಿತಾಯ ಸೇರಿಸಿದರೆ ಒಂದು ಜೋಡಿ ಬರ್ತದ. ತಪ್ಪು ಆರಿಸಿದರೆ ಇನ್ನೊಂದು ವರ್ಷ ಕೇಳೋ ಹಂಗಿಲ್ಲ. ಹೀಗೆ ಹುಡುಕ್ತಾ ಹುಡುಕ್ತಾ ನಮಗೆ ಸಿಕ್ಕವರು ಜಾನ್ ಬಾಯ್ಡ್ ಡನ್ಲಪ್. ಅವರ ಹೆಸರು ನಾವೆಲ್ಲ ಟೈರಿನ ಮೇಲೆ ಓದಿದ್ದೇವೆ, ಜೀವನ ಓದಿಲ್ಲ.

ಡನ್ಲಪ್ ಹುಟ್ಟಿದ್ದು 1840ರ ಫೆಬ್ರುವರಿ 5ರಂದು, ಸ್ಕಾಟ್ಲೆಂಡಿನ ಡ್ರೆಗಾರ್ನ್ ಎಂಬ ಹಳ್ಳಿಯಲ್ಲಿ. ಅವರು ಎಂಜಿನಿಯರ್ ಅಲ್ಲವೇ ಅಲ್ಲ. ಎಡಿನ್‌ಬರೋದಲ್ಲಿ ಓದಿ ದನದ ಡಾಕ್ಟರ್ ಆದರು. 1867ರಲ್ಲಿ ಐರ್ಲೆಂಡಿಗೆ ಹೋದರು, ಆಮೇಲೆ ಬೆಲ್‌ಫಾಸ್ಟ್‌ನ ಮೇ ಸ್ಟ್ರೀಟ್‌ನಲ್ಲಿ ಅವರ ಆಸ್ಪತ್ರೆ ದೊಡ್ಡದಾಗಿ ಬೆಳೆಯಿತು. ಕುದುರೆಗಳಿಂದಲೇ ಊರು ಓಡುತ್ತಿದ್ದ ಕಾಲ ಅದು, ಕೆಲಸಕ್ಕೆ ಕೊರತೆ ಇರಲಿಲ್ಲ.

ಅವರ ಮಗ ಜಾನಿಗೆ ಒಂದು ಮೂರು ಗಾಲಿಯ ಸೈಕಲ್ ಇತ್ತು. ಬೆಲ್‌ಫಾಸ್ಟ್ ಬೀದಿಗಳಿಗೆ ಕಲ್ಲು ಹಾಸಿದ್ದರು, ಆಗಿನ ಸೈಕಲ್ ಟೈರು ಗಟ್ಟಿ ರಬ್ಬರಿನವು. ನಮ್ಮ ಕಡೆ ಕಬ್ಬಿಣದ ಪಟ್ಟಿಯ ಚಕ್ಕಡಿಯಲ್ಲಿ ಕೂತವರಿಗೆ ಆ ಕುಲುಕಾಟ ಹೇಗಿರ್ತದ ಅಂತ ಗೊತ್ತು. ಹುಡುಗನ ಸವಾರಿ ಸ್ವಲ್ಪ ಹಗುರಾಗಲಿ ಅಂತ 1887ರಲ್ಲಿ ಡನ್ಲಪ್ ತೆಳು ರಬ್ಬರ್ ಹಾಳೆಯಿಂದ ಒಂದು ಕೊಳವೆ ಮಾಡಿದರು. ಅದನ್ನು ಮರದ ದುಂಡು ಹಲಗೆಯ ಸುತ್ತ ಕಟ್ಟಿ, ಫುಟ್‌ಬಾಲ್ ಪಂಪಿನಿಂದ ಗಾಳಿ ತುಂಬಿದರು.

ನಮಗೆ ಹಿಡಿಸಿದ್ದು ಅವರು ಮುಂದೆ ಮಾಡಿದ ಕೆಲಸ. ಸೀದಾ ಸೈಕಲ್ಲಿಗೆ ಹಾಕಲಿಲ್ಲ. ಒಂದು ಕೈಯಲ್ಲಿ ಸೈಕಲ್ಲಿನ ಹಳೇ ಗಾಲಿ, ಇನ್ನೊಂದರಲ್ಲಿ ಗಾಳಿ ತುಂಬಿದ ಗಾಲಿ ಹಿಡಿದು, ಎರಡನ್ನೂ ಅಂಗಳದಲ್ಲಿ ಉರುಳಿಬಿಟ್ಟರು. ಹಳೇದು ಅರ್ಧದಲ್ಲೇ ನಿಂತಿತು. ಗಾಳಿಯದು ಅಂಗಳ ದಾಟಿ, ಗೇಟಿನ ಕಂಬಕ್ಕೆ ಬಡಿದು ವಾಪಸ್ ಪುಟಿಯಿತು. ಮಗನ ಸುಖಕ್ಕಂತ ಮಾಡಿದ್ದು, ನೋಡಿದರೆ ಓಟವೂ ಜಾಸ್ತಿ! ಕಾರಣ ನಮ್ಮ ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲೇ ಇದೆ. ಗಟ್ಟಿ ಗಾಲಿ ಪ್ರತಿ ಕಲ್ಲಿಗೂ ಸೈಕಲ್ಲು, ಸವಾರ ಇಬ್ಬರನ್ನೂ ಮೇಲಕ್ಕೆತ್ತುತ್ತದೆ, ಆ ಶಕ್ತಿ ಕುಲುಕಾಟದಲ್ಲಿ ಹಾಳು. ಗಾಳಿಯ ಟೈರು ಕಲ್ಲನ್ನು ತನ್ನೊಳಗೇ ನುಂಗಿಕೊಂಡು ಮುಂದೆ ಹೋಗುತ್ತದೆ.

1888ರ ಡಿಸೆಂಬರ್ 7ರಂದು ಪೇಟೆಂಟ್ ಬಂತು. ದಪ್ಪ ಟೈರು ನೋಡಿ ರೇಸಿನವರು ನಕ್ಕರು. ಆದರೆ 1889ರ ಮೇ 18ರಂದು ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿನ ಮೈದಾನದಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಅದೇ ಟೈರು ಹಾಕಿಕೊಂಡು ತಾನು ಇಳಿದ ನಾಲ್ಕೂ ರೇಸ್ ಗೆದ್ದ. ಆ ಕಾಲೇಜ್ ಸ್ಪೋರ್ಟ್ಸ್ ಡೇ ಸೈಕಲ್ಲಿನ ಇತಿಹಾಸವನ್ನೇ ತಿರುಗಿಸಿತು. ಅವನ ಮುಂದೆ ಸೋತವರಲ್ಲಿ ಹಾರ್ವಿ ದು ಕ್ರೋ ಎಂಬ ಡಬ್ಲಿನ್ ವ್ಯಾಪಾರಿಯ ಮಕ್ಕಳೂ ಇದ್ದರು. ಅಪ್ಪನಿಗೆ ಬೆಲೆ ತಿಳಿಯಿತು, ಅದೇ ವರ್ಷ ಡನ್ಲಪ್ ಜೊತೆ ಸೇರಿ ಕಂಪನಿ ಕಟ್ಟಿದ.

ಆಮೇಲೆ ಬಂದದ್ದು ಪೆಟ್ಟು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವನು 1845ರಲ್ಲೇ ಗಾಳಿ ಟೈರಿಗೆ ಪೇಟೆಂಟ್ ಮಾಡಿಸಿದ್ದ. ಸೈಕಲ್ಲೇ ಇನ್ನೂ ಬೆಳೆಯದ ಕಾಲ, ಕುದುರೆಗಾಡಿಗೆ ಅದು ದುಬಾರಿಯಾಗಿ ಜನ ಮರೆತಿದ್ದರು. ಡನ್ಲಪ್‌ಗೆ ಅದು ಗೊತ್ತಿರಲಿಲ್ಲ. ಅವರ ಮೂಲ ಪೇಟೆಂಟ್ ಬಿದ್ದುಹೋಯಿತು. ಕಂಪನಿ ಉಳಿದದ್ದು ಬೇರೆಯವರ ಸಣ್ಣ ಸಣ್ಣ ಸುಧಾರಣೆಗಳಿಂದ. ಡನ್ಲಪ್ ಟೈರು ರಿಮ್ಮಿಗೆ ಅಂಟಿಕೊಂಡಿರುತ್ತಿತ್ತು, ಪಂಚರ್ ಆದರೆ ಬಿಚ್ಚೋದು ದೊಡ್ಡ ಕೆಲಸ. 1890ರಲ್ಲಿ ಚಾರ್ಲ್ಸ್ ವೆಲ್ಚ್ ಟೈರಿನ ಅಂಚಿಗೆ ತಂತಿ ಕೊಟ್ಟು, ಕೈಯಿಂದ ಬಿಚ್ಚಿ ಹಾಕೋ ಹಾಗೆ ಮಾಡಿದ. ಇವತ್ತು ನಮ್ಮ ಸ್ಟ್ಯಾಂಡಿನಲ್ಲಿರೋ ಹೆಚ್ಚಿನ ಸೈಕಲ್ಲುಗಳ ಟೈರು ಅದೇ ಜಾತಿಯದು. ರೇಸಿಗೆ ಅಂಟಿಸೋ ಟೈರು, ಪ್ರ್ಯಾಕ್ಟೀಸಿಗೆ ಬಿಚ್ಚೋ ಟೈರು ಎಂಬ ಪದ್ಧತಿ ಮುಂದೆ ಬಹಳ ವರ್ಷ ನಡೆಯಿತು.

ಡನ್ಲಪ್ 1895ರಲ್ಲಿ ಕಂಪನಿಯಿಂದ ದೂರಾದರು. ಮರುವರ್ಷವೇ ಅದು 30 ಲಕ್ಷ ಪೌಂಡಿಗೆ ಮಾರಾಟವಾಯಿತು. ಅವರಿಗೆ ಅಂಥ ದೊಡ್ಡ ಸಂಪತ್ತೇನೂ ಸಿಗಲಿಲ್ಲ. 1921ರ ಅಕ್ಟೋಬರ್ 23ರಂದು ಡಬ್ಲಿನ್‌ನಲ್ಲಿ ತೀರಿಕೊಂಡರು. ಅಷ್ಟೊತ್ತಿಗೆ ಕಾರು, ಮೋಟರ್‌ಸೈಕಲ್ಲು ಎಲ್ಲವೂ ಗಾಳಿಯ ಮೇಲೆ ಓಡುತ್ತಿದ್ದವು.

ಇದನ್ನೆಲ್ಲ ಓದಿದ ಮೇಲೆ ನಮಗೆ ಸ್ವಲ್ಪ ನಾಚಿಕೆ ಆಯ್ತು. ನಾವು ವಿಡಿಯೋ ನೋಡಿ ಗಾಲಿ ಆರಿಸ್ತಿದ್ವಿ, ಉರುಳಿಸಿ ನೋಡಿರಲಿಲ್ಲ. ನಮ್ಮ ಕಣ್ಣು ಇದ್ದದ್ದು 20 ಕಡ್ಡಿಯ, ಎತ್ತರದ ರಿಮ್ಮಿನ ಗಾಲಿ ಮೇಲೆ. 23 ಎಂಎಂ ಟೈರು ಹಾಕಿ, ಕಲ್ಲಿನ ಹಂಗ ಗಾಳಿ ಹೊಡೆದಷ್ಟೂ ಸ್ಪೀಡ್ ಅಂತ ನಂಬಿದ್ವಿ.

ಹೋದ ರಜೆಯಲ್ಲಿ ಸೀನಿಯರ್ ಒಬ್ಬರ ಗಾಲಿಗಳನ್ನು ಎರವಲು ತಂದು ಗುಡಗೇರಿಯಲ್ಲೇ ಪರೀಕ್ಷೆ ಮಾಡಿದ್ವಿ. ಒಂದೇ ಸೈಕಲ್, ಒಬ್ಬನೇ ಸವಾರ, ಹೊಲದ ಕಡೆ ಇಳಿಯೋ ರಸ್ತೆ. ಪೆಡಲ್ ತುಳಿಯದೆ ಎಲ್ಲಿ ನಿಲ್ತದ ಅಂತ ಸುಣ್ಣದ ಗೆರೆ ಎಳೆದ್ವಿ. ಗಟ್ಟಿ ಗಾಳಿಯ 23 ಎಂಎಂ ಟೈರು ಐದು ಸಲ, ಸ್ವಲ್ಪ ಕಡಿಮೆ ಗಾಳಿಯ 28 ಎಂಎಂ ಟೈರು ಐದು ಸಲ. ಒರಟು ರಸ್ತೆಯಲ್ಲಿ ಐದೂ ಸಲ 28 ಮುಂದೆ ಹೋಯ್ತು. ನುಣುಪು ರಸ್ತೆಯಲ್ಲಿ ಹೆಚ್ಚುಕಡಿಮೆ ಸಮ. ದೊಡ್ಡ ರೇಸ್ ಟೀಮುಗಳೂ ಈಗ 23 ಬಿಟ್ಟು ಹೆಚ್ಚು ಅಗಲದ ಟೈರಿನ ಕಡೆ ಬಂದಿವೆ.

ಹಂಗಾಗಿ ನಮ್ಮ ತೀರ್ಮಾನ ಇದು: 32 ಕಡ್ಡಿಯ, ಸಾಧಾರಣ ಎತ್ತರದ ಅಲ್ಯೂಮಿನಿಯಂ ರಿಮ್. ಒಂದು ಕಡ್ಡಿ ಮುರಿದರೂ ಮನೆ ತನಕ ಬರಬಹುದು. ಉಳಿದ ರೊಕ್ಕಕ್ಕೆ ಎರಡು ಜೋಡಿ ಟೈರು, ಎರಡೂ 28 ಎಂಎಂ. ಪ್ರ್ಯಾಕ್ಟೀಸಿಗೆ ದಪ್ಪ ಮೈಯಿನ, ಪಂಚರ್ ತಡೆಯೋದು. ರೇಸಿಗೆ ತೆಳು ಮೈಯಿನ, ಹಗುರಾದದ್ದು. ಹಿಂದಿನ ರಾತ್ರಿ ಬದಲಿಸಿದರೆ ಆಯ್ತು. ಒಂದೇ ಜಾಗ್ರತೆ ಅಂದ್ರ, ನಮ್ಮದು ರಿಮ್ ಬ್ರೇಕ್. ಎರಿ ಮಣ್ಣು ಬ್ರೇಕ್ ರಬ್ಬರಿನಲ್ಲಿ ಸಿಕ್ಕರೆ ರಿಮ್ಮನ್ನೇ ಉಜ್ಜಿ ತಿಂತದ, ದಿನಾ ಒರೆಸಬೇಕು.

ಎದುರುಗಾಳಿಯ ಹೈವೇಯಲ್ಲಿ ಎತ್ತರದ ರಿಮ್ಮಿನವರು ನಮಗಿಂತ ಸ್ವಲ್ಪ ಮುಂದೆ ಹೋಗ್ತಾರ, ಗೊತ್ತದ. ಆದರೆ ಆ ದಿನದ ತನಕ ತಿಂಗಳುಗಟ್ಟಲೆ ತುಳಿಯೋಕೆ ಗಾಲಿ ಉಳಿದಿರಬೇಕಲ್ಲ. ರೇಸ್ ಮುಂದಿನ ಸೆಮಿಸ್ಟರ್‌ನಲ್ಲಿ. ಗೆದ್ರೂ ಬರೀತೀವಿ, ಸೋತ್ರೂ ಬರೀತೀವಿ. ನೀವೂ ಗಾಲಿ ತಗೊಳ್ಳೋ ಮುಂಚೆ ಒಮ್ಮೆ ಉರುಳಿಸಿ ನೋಡ್ರಿ.