ಮಲೆಯ ದೊರೆ, ಕಡಲ ಹಡಗು

ಕೆಳದಿಯ ಶಿವಪ್ಪನಾಯಕನೆಂದೊಡನೆ ನಮ್ಮ ಮಲೆನಾಡಿನವರಿಗೆ ನೆನಪಾಗುವುದು ಅವನ ‘ಶಿಸ್ತು’. ಭೂಮಿಯನ್ನು ಅದರ ಸಾರಕ್ಕೆ ತಕ್ಕಂತೆ ವಿಂಗಡಿಸಿ, ಬೆಳೆಯ ಲೆಕ್ಕ ಹಿಡಿದು ಕಂದಾಯ ಗೊತ್ತುಮಾಡಿದ ದೊರೆ ಅವನು. ವೀರಭದ್ರನಾಯಕನ ಆಳಿಕೆಯಲ್ಲಿ ದಂಡನ್ನು ನಡೆಸಿ, 1645ರಲ್ಲಿ ತಾನೇ ಪಟ್ಟವೇರಿದನು. ರಾಜಧಾನಿ ಬಿದನೂರು, ಹಿಂದಿನ ವೆಂಕಟಪ್ಪನಾಯಕನು ಬಲಪಡಿಸಿದ್ದ ಕವಲೇದುರ್ಗವು ರಾಜ್ಯದ ಬೆನ್ನೆಲುಬು.

ಕವಲೇದುರ್ಗದ ಕಲ್ಲಿನ ಹೆಬ್ಬಾಗಿಲಿನಲ್ಲಿ ನಿಂತವರಿಗೆ, ಇಂಥ ಕಾಡಿನ ದೊರೆಗೆ ಕಡಲಿನ ಗೊಡವೆ ಏಕೆ ಬೇಕಾಯಿತೆಂದು ಅನಿಸುವುದು ಸಹಜ. ನನಗೂ ಅನಿಸಿತ್ತು. ಘಟ್ಟದ ಮೆಣಸೂ ಕರಾವಳಿಯ ಅಕ್ಕಿಯೂ ಹಣವಾಗಬೇಕಾದರೆ ಹಡಗೇರಬೇಕು. ಆದರೆ ಹೊನ್ನಾವರ, ಗಂಗೊಳ್ಳಿಗಳ ನದೀಮುಖದಲ್ಲಿ ಪೋರ್ಚುಗೀಸರ ಕೋಟೆಗಳಿದ್ದವು. ಅವರ ರಹದಾರಿಯಿಲ್ಲದ ಹಡಗಿಗೆ ಕಡಲಿನಲ್ಲಿ ಉಳಿವಿರಲಿಲ್ಲ. 1652ರಿಂದ 1654ರೊಳಗೆ ಶಿವಪ್ಪನಾಯಕನು ಆ ಕೋಟೆಗಳನ್ನು ಗೆದ್ದುಕೊಂಡನು.

ಇದನ್ನು ಸುಂಕದ ಆಸೆಯೆಂದಷ್ಟೇ ಹೇಳಿದರೆ ಸಾಲದೆಂಬುದು ನನ್ನ ಎಣಿಕೆ. ಮರದ ಹಡಗನ್ನು ಹುಳು ಕೊರೆಯುತ್ತದೆ, ಬಿಸಿಲು ಸೀಳುತ್ತದೆ. ಸಂದುಗಳಿಗೆ ನಾರು ತುರುಕಿ ಎಣ್ಣೆ ಹಚ್ಚುತ್ತಲೇ ಇರಬೇಕು. ಅಡಿಭಾಗಕ್ಕಾದರೆ ಹಡಗನ್ನು ಮರಳಿಗೆ ಎಳೆಯಬಹುದು. ತೇಲುತ್ತಿರುವ ಹಡಗಿನ ಪಕ್ಕಕ್ಕೋ? ಮೇಲಿನಿಂದ ಎರಡು ಹಗ್ಗಗಳಲ್ಲಿ ಹಲಗೆ ಇಳಿಬಿಟ್ಟು ಅದರ ಮೇಲೆ ಕುಳಿತು ಕೆಲಸಮಾಡುವುದು ನಾವಿಕರ ಹಳೆಯ ಉಪಾಯ. ಉಬ್ಬರಕ್ಕೆ ಹಡಗು ಏರಿದರೆ ಹಲಗೆಯೂ ಏರುತ್ತದೆ. ದಡದಲ್ಲಿ ನೆಟ್ಟ ಅಟ್ಟಣಿಗೆಗೆ ಈ ಸೌಕರ್ಯವಿಲ್ಲ. ಆದರೆ ಅಲೆಗೆ ಹಡಗು ಹೊರಳಿದರೆ ಅದೇ ಹಲಗೆ ಆಚೆ ತೂಗಿ, ಮರಳಿ ಬಂದು ಬಡಿಯುತ್ತದೆ. ಕುಳಿತವನ ಕಾಲು ನಡುವೆ ಸಿಕ್ಕಿತೋ, ಮುಗಿಯಿತು. ಆದ್ದರಿಂದ ಹಲಗೆಯನ್ನು ಹಡಗಿನ ಮೈಗೆ ಸೆಳೆದು ಕಟ್ಟಬೇಕು. ಮೈಗೂ ಹಲಗೆಗೂ ನಡುವೆ ಮೆತ್ತೆಯಿರಬೇಕು. ಆಳಿನ ನಡುವಿಗೆ ಬೇರೆಯೇ ಒಂದು ಹಗ್ಗ, ಅದೂ ಹಲಗೆಗಲ್ಲ, ಹಡಗಿಗೇ ಬಿಗಿದಿರಬೇಕು. ಈಗ ಕಡಲ ನಡುವೆ ನಿಲ್ಲುವ ಉಕ್ಕಿನ ಹಡಗುಗಳಿಗೆ ತೂಗುವೇದಿಕೆಗಳನ್ನು ರಚಿಸುವ ಇಂಜಿನಿಯರುಗಳಿಗೂ ಇವೇ ಚಿಂತೆಗಳು: ಎಷ್ಟು ಭಾರ, ಎಷ್ಟು ತೂಗಾಟ, ಒಂದು ಹಗ್ಗ ಹರಿದರೆ ಯಾವುದು ಹಿಡಿದೀತು.

ಇಂಥ ಕೆಲಸಕ್ಕೆ ತೆರೆಗಡಲಿಗಿಂತ ನದಿಯ ಒಳನೀರು ಎಷ್ಟೋ ಮೇಲು. ಮುಂಗಾರಿನಲ್ಲಂತೂ ಹಡಗಿಗೆ ಬೇರೆ ಆಸರೆಯೇ ಇಲ್ಲ. ಆ ಒಳನೀರಿನ ಬಾಗಿಲು ಪರರ ಕೈಯಲ್ಲಿದ್ದರೆ ಹಡಗು ತನ್ನದಾಗಿಯೂ ಫಲವೇನು? ಗದ್ದೆಯ ಗುಣವನ್ನೇ ತರತಮವಾಗಿ ಅಳೆಸಿದ ದೊರೆಗೆ ಈ ಲೆಕ್ಕ ತಿಳಿಯದಿರಲಾರದು.

ಶಿವಪ್ಪನಾಯಕನು 1660ರಲ್ಲಿ ತೀರಿಕೊಂಡನು. ಪಟ್ಟವು ತಮ್ಮನಾದ ವೆಂಕಟಪ್ಪನಾಯಕನಿಗೆ ಬಂದಿತು.